ಮೋಟಾರಿನ ಬಳೆ

ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿದ ಕೈಯನ್ನು ಯಾವತ್ತಾದರೂ ಮೂಸಿ ನೋಡಿದ್ದೀರಾ? ಹುಳಿ, ಇಟ್ಟಿಗೆ ಪುಡಿ, ಬೂದಿ; ಅದರಡಿಯಲ್ಲಿ, ಹಲ್ಲು ಕಿತ್ತಾಗ ನಾಲಿಗೆಗೆ ಹತ್ತುತ್ತದಲ್ಲ, ಅಂಥ ರಕ್ತದ ರುಚಿಯ ಒಂದು ವಾಸನೆ. ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ಉಣ್ಣುವಾಗ ಮುದ್ದೆಯ ಜೊತೆ ಅದೂ ಬಾಯಿಗೆ ಬರುತ್ತದೆ. ಮೊನ್ನೆ ನನ್ನ ಸೊಸೆ ಹಬ್ಬಕ್ಕೆಂದು ದೀಪದ ಕಂಬ ತಿಕ್ಕಿ ಬಂದವಳು ಹಾಗೇ ನನಗೆ ಕಾಫಿ ಲೋಟ ಕೊಟ್ಟಳು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಲೋಟ ಕೆಳಗಿಟ್ಟುಬಿಟ್ಟೆ. "ಯಾಕತ್ತೆ, ಸಕ್ಕರೆ ಕಮ್ಮಿ ಆಯ್ತಾ?" ಎಂದಳು ಪಾಪ. ಸಕ್ಕರೆ ಸರಿಯಾಗಿಯೇ ಇತ್ತು. ಅದು ನನ್ನ ಚಿಕ್ಕವ್ವನ ಕೈಯ ವಾಸನೆ ಕಣೆ ಎಂದರೆ ಯಾವ ಚಿಕ್ಕವ್ವ ಎಂದು ಕೇಳುತ್ತಾಳೆ. ಕೇಳದೆ ಇನ್ನೇನು? ನಮ್ಮ ಕಡೆಯವರು ಆ ಹೆಸರನ್ನು ಅಷ್ಟು ಚೆನ್ನಾಗಿ ಒರೆಸಿ ಹಾಕಿದ್ದಾರೆ. ಅದಕ್ಕೇ ಬರೆಯಲು ಕೂತೆ. ಸಿಟ್ಟಿನಲ್ಲಿಯೇ ಕೂತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಹಳೆಯ ಮನೆಯ ನೆನಪೆಂದರೆ ಬರೀ ಹಪ್ಪಳ ಸಂಡಿಗೆ ಎಂದುಕೊಂಡವರು ಇಲ್ಲಿಗೇ ನಿಲ್ಲಿಸಬಹುದು.

ನಮ್ಮ ಊರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಮಡಿಕೇರಿ ರಸ್ತೆ ಬಿಟ್ಟು ಒಂದಿಷ್ಟು ಒಳಗೆ ಹೋದರೆ ಸಿಗುತ್ತಿತ್ತು. ಮಹಾರಾಜರ ಕಾಲ ಅದು. ಮನೆ ದೊಡ್ಡದು, ತೊಟ್ಟಿಮನೆ. ತೊಲೆಗಳಿಗೆ ಹೊಗೆಸೊಪ್ಪಿನ ಕಂತೆಗಳನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದರು. ಕೆಳಗೆ ಮಲಗಿದರೆ ಕಣ್ಣುರಿ, ಎದ್ದರೆ ಸೀನು. ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಎತ್ತುಗಳು, ಹಿತ್ತಲಲ್ಲಿ ಸೇದುವ ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು ಚಪ್ಪಡಿ. ಇದ್ದವರು ಅಜ್ಜಿ, ಅವಳ ಹಿರಿಯ ಮಗನಾದ ನನ್ನಪ್ಪ, ಕಿರಿಯ ಮಗ ಜವರಪ್ಪ, ಅಂದರೆ ನನ್ನ ಚಿಕ್ಕಪ್ಪ, ಅವನ ಹೆಂಡತಿ ಪುಟ್ಟತಾಯಿ, ಮತ್ತೆ ನಾನು. ಆ ಮನೆಯಲ್ಲಿ ಹೊಡೆಯುವುದೆಂದರೆ ಮಾತಾಡಿದಷ್ಟೇ ಸಲೀಸು. ಅಜ್ಜಿ ನನಗೆ ಸೌಟಿನಲ್ಲಿ ಕೊಡುತ್ತಿದ್ದಳು. ಸುಳ್ಳು ಹೇಳಿದೆನೆಂದು ಒಮ್ಮೆ ತೊಡೆಗೆ ಬರೆ ಎಳೆದಳು. ಗುರುತು ಈಗಲೂ ಇದೆ, ನಾನು ಹೇಳಿದ್ದು ನಿಜವೇ ಆಗಿತ್ತು. ಚಿಕ್ಕಪ್ಪ ಎತ್ತುಗಳಿಗೆ ಹೊಡೆಯುತ್ತಿದ್ದ, ಆಳುಗಳಿಗೆ ಹೊಡೆಯುತ್ತಿದ್ದ, ಯಾರೂ ಸಿಗದಿದ್ದರೆ ಕಂಬಕ್ಕೆ ಒದೆಯುತ್ತಿದ್ದ. ದಿಮ್ಮಿ ಎಳೆಯಲಾರದೆ ಮಲಗಿಬಿಟ್ಟ ಒಂದು ಎತ್ತಿನ ಬಾಲವನ್ನು ಹಿಡಿದು ತಿರುಚಿ ಮುರಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಲಟಕ್ ಎಂದಿತು. ಎತ್ತು ಎದ್ದು ನಿಂತಿತು, ಅವನು ನಕ್ಕ. ಅಪ್ಪ ಯಾರಿಗೂ ಹೊಡೆಯುತ್ತಿರಲಿಲ್ಲ. ಹೊಡೆಯುವವರನ್ನು ತಡೆಯುತ್ತಲೂ ಇರಲಿಲ್ಲ. ಗಲಾಟೆ ಶುರುವಾದ ಕೂಡಲೇ ಕೊಟ್ಟಿಗೆಗೆ ಹೋಗಿ ಸಗಣಿ ಬಾಚುತ್ತಿದ್ದ.

ಹೊಡೆತವೆಲ್ಲ ಹೋಗಿ ಕೊನೆಗೆ ನಿಲ್ಲುತ್ತಿದ್ದದ್ದು ಚಿಕ್ಕವ್ವನ ಮೈಮೇಲೆ. ಅವಳು ವೀರನಹೊಸಹಳ್ಳಿಯ ಕಡೆಯವಳು, ಕಾಡಿನ ಅಂಚಿನ ಬಡವರ ಮನೆಯ ಹೆಣ್ಣು. ಆನೆ ಹತ್ತಿರದಲ್ಲಿದ್ದರೆ ಗಾಳಿ ಮೂಸಿ ಹೇಳುತ್ತಿದ್ದಳು. ಹಾವನ್ನು ಕೋಲಿನಿಂದ ಎತ್ತಿ ಬೇಲಿಯಾಚೆ ಹಾಕಿ, ಅದಕ್ಕೆ "ಓಗು, ಮನೆಗೋಗು" ಎಂದು ಬುದ್ಧಿ ಹೇಳುತ್ತಿದ್ದಳು. ಅಂಥವಳು ಚಿಕ್ಕಪ್ಪನ ಕಾಲಿನ ಜೋಡು ಜಗಲಿಯ ಮೇಲೆ ಕಿರ್ರೆಂದರೆ ಸಾಕು, ಮಾತು ಅರ್ಧಕ್ಕೇ ಬಿಡುತ್ತಿದ್ದಳು. ನನ್ನನ್ನು ಹೆತ್ತವಳು ಹೆತ್ತ ದಿನವೇ ಸತ್ತಳಂತೆ. ರಕ್ತ ಒರೆಸುವ ಮೊದಲೇ ನನ್ನನ್ನು ಎತ್ತಿಕೊಂಡವಳು ಚಿಕ್ಕವ್ವ. ಆಗವಳು ಮದುವೆಯಾಗಿ ಬಂದ ಹೊಸತು. ಮೇಕೆಯ ಹಾಲನ್ನು ಬಟ್ಟೆಯಲ್ಲಿ ಅದ್ದಿ ಬಾಯಿಗೆ ಹಿಂಡಿ ಉಳಿಸಿಕೊಂಡಳು. ಅವಳಿಗೆ ಮಕ್ಕಳಾಗಲಿಲ್ಲ. ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, "ಗೊಡ್ಡು" ಎಂದೇ ಕೂಗುತ್ತಿದ್ದಳು. ರಾತ್ರಿ ನಾನು ಅವಳ ಸೆರಗು ಹೊದ್ದುಕೊಂಡು ಅವಳ ಮಗ್ಗುಲಲ್ಲೇ ಮಲಗುತ್ತಿದ್ದೆ. ಬಾಸುಂಡೆ ಇದ್ದ ಕಡೆ ನನ್ನ ಕೈ ತಾಗಿದರೆ ಉಸ್ ಎನ್ನುತ್ತಿದ್ದಳು, ಕೈ ಮಾತ್ರ ತೆಗೆಸುತ್ತಿರಲಿಲ್ಲ.

ಮೋಟಾರು ಬಂದದ್ದು ಕೊಡಗಿನಿಂದ. ಚಿಕ್ಕಪ್ಪ ಮರದ ಕಂತ್ರಾಟು ಮಾಡುತ್ತಿದ್ದ; ಕೊಪ್ಪದ ಆಚೆ ಕಾಫಿ ತೋಟವಿದ್ದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಹಳೆಯ ಕಾರನ್ನು ಇವನು ಕೊಂಡುಕೊಂಡ. ಅದು ಊರೊಳಗೆ ಬಂದ ದಿನ ದನಗಳು ಹಗ್ಗ ಕಿತ್ತುಕೊಂಡು ಓಡಿದವು. ಅಜ್ಜಿ ಹುಂಜದ ಕತ್ತು ಕೊಯ್ದು ನಾಲ್ಕು ಗಾಲಿಗೂ ರಕ್ತ ಹಚ್ಚಿದಳು, ಆಮೇಲೆ ಒಳಗೆ ಬಗ್ಗಿ ಸ್ಟೇರಿಂಗಿಗೂ ಒಂದು ಬೊಟ್ಟು ಇಟ್ಟಳು. "ಇದ್ಯಾವ ರಾಕ್ಸಿ ಬಳೆ ಕಣ್ಲಾ!" ಎಂದಳು. ಅಲ್ಲಿಂದ ನಮ್ಮ ಮನೆಯಲ್ಲಿ ಸ್ಟೇರಿಂಗಿಗೆ ಬಳೆ ಎಂದೇ ಹೆಸರಾಯಿತು. ಚಿಕ್ಕಪ್ಪನೂ "ಬಳೆ ಬಿಗಿ ಆಗದೆ, ಎಣ್ಣೆ ಬುಡ್ಬೇಕು" ಎಂದು ಗಂಭೀರವಾಗಿ ಹೇಳುತ್ತಿದ್ದ, ನಗುವ ಧೈರ್ಯ ಯಾರಿಗಿತ್ತು? ದೊರೆಯ ಕಾಲದಲ್ಲೇ ಅದರ ಮರದ ಸುತ್ತು ಮಳೆಗೆ ಬಿರಿದು, ಯಾವುದೋ ಎರಕದವನಿಂದ ಪೂರ್ತಿ ಹಿತ್ತಾಳೆಯದೇ ಮಾಡಿಸಿ, ಮೇಲೆ ಬೆಳ್ಳಗೆ ನಿಕ್ಕಲ್ ಹಾಕಿಸಿದ್ದನಂತೆ. ನಮ್ಮ ಕೈಗೆ ಬರುವ ಹೊತ್ತಿಗೆ ಆ ಬಿಳುಪು ಅಲ್ಲಲ್ಲಿ ಉಬ್ಬಿ ಸಿಪ್ಪೆ ಏಳುತ್ತಿತ್ತು. ಸಂದುಗಳಲ್ಲಿ ಹಸಿರು ಕಿಲುಬು. ಅದರ ಮೇಲೆ ಅಮಾವಾಸ್ಯೆ ಅಮಾವಾಸ್ಯೆಗೂ ಅಜ್ಜಿ ಇಡುತ್ತಿದ್ದ ಕೋಳಿ ರಕ್ತ ಒಣಗಿ ಕಪ್ಪಗೆ ಅಂಟಿತ್ತು.

ಅದನ್ನು ತಿಕ್ಕಿ ಹೊಸದು ಮಾಡಬೇಕೆಂಬ ಮಾತು ಬಂದದ್ದು ಚಿಕ್ಕಪ್ಪನಿಗೆ ಎರಡನೆಯ ಹೆಣ್ಣು ಗೊತ್ತಾದಾಗ. ಕೃಷ್ಣರಾಜನಗರದ ಕಡೆ ಹೊಸ ಅಗ್ರಹಾರ ಎಂಬ ಊರಲ್ಲಿ ನಾಲೆಯ ನೀರಿನ ಗದ್ದೆ ಇದ್ದವರ ಮನೆ. ಭತ್ತ ಬೆಳೆಯುವವರ ಮುಂದೆ ರಾಗಿ ಬೆಳೆಯುವವರು ಇಳಿಯುವುದಾದರೆ ಮೋಟಾರಿನಲ್ಲೇ ಇಳಿಯಬೇಕು, ಮೋಟಾರು ಫಳಫಳ ಅನ್ನಬೇಕು ಎಂದು ಅಜ್ಜಿಯ ಹಟ. ಹೆಂಡತಿ ಇದ್ದಂತೆ ಇನ್ನೊಬ್ಬಳನ್ನು ತರುವುದು ಆಗ ಯಾರಿಗೂ ದೊಡ್ಡ ವಿಷಯವಲ್ಲ. ಎಷ್ಟೋ ಮನೆಗಳಲ್ಲಿ ಮೊದಲನೆಯವಳು ಒಂದು ಮೂಲೆ ಹಿಡಿದು ಬಾಳುತ್ತಿದ್ದಳು. ಆದರೆ ಚಿಕ್ಕಪ್ಪ ಮೂಲೆಯನ್ನೂ ಕೊಡುವವನಲ್ಲ. "ಅವ್ಳು ಬಂದ ಜಿನವೇ ನೀನು ನಿಮ್ಮಪ್ಪನ ಮನೆ ದಾರಿ ಇಡಿ" ಎಂದು ಎಲ್ಲರೆದುರಿಗೆ ಹೇಳಿದ. ಚಿಕ್ಕವ್ವ ತಲೆ ತಗ್ಗಿಸಿಕೊಂಡೇ ಕೇಳಿದಳು: "ನಿಂಗಿ?" ನಿಂಗಿ ಎಂದರೆ ನಾನು. "ನಿಂಗಿ ಈ ಮನೆ ಮಗು ಕಣೆ, ನಿನ್ ಗಂಟಲ್ಲ. ಬರೋಳು ಸಾಕ್ತಾಳೆ" ಎಂದಳು ಅಜ್ಜಿ. ಚಿಕ್ಕವ್ವ ನನ್ನಪ್ಪನ ಮುಖ ನೋಡಿದಳು. ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಅವತ್ತಿನಿಂದ ಅವಳಿಗೆ ಹೊಡೆತದ ಭಯವೂ ಉಳಿಯಲಿಲ್ಲ ಎಂದು ಕಾಣುತ್ತದೆ. ಇದ್ದದ್ದು ಒಂದೇ ಭಯ, ನನ್ನನ್ನು ಬಿಟ್ಟು ಹೋಗಬೇಕಲ್ಲ ಎಂಬುದು. ತಲೆ ಬಾಚುವಾಗ ನನ್ನ ಜಡೆಯನ್ನು ಎಳೆದೆಳೆದು ಬಿಗಿಯಾಗಿ ಹೆಣೆಯುತ್ತಿದ್ದಳು, ನಾನು ನೋವು ಎಂದು ಕಿರುಚುತ್ತಿದ್ದೆ.

ಸವತಿ ತರಲು ಹೋಗುವ ಗಾಡಿಯ ಬಳೆ ತಿಕ್ಕುವ ಕೆಲಸ ಬಿದ್ದದ್ದೂ ಅವಳಿಗೇ. ಚಿಕ್ಕಪ್ಪ ನಡುವಿನ ಟೊಪ್ಪಿಯಂಥ ಮುಚ್ಚಳ ತೆಗೆದು, ಒಳಗಿದ್ದ ಕಬ್ಬಿಣದ ನಟ್ಟನ್ನು ಪಾನ, ಅಂದರೆ ಸ್ಪ್ಯಾನರು, ಹಾಕಿ ಬಿಚ್ಚಿ, ಬಳೆಯನ್ನು ಅಲ್ಲಾಡಿಸಿ ಮೇಲಕ್ಕೆ ಕಿತ್ತು ಅವಳ ಮುಂದೆ ಎಸೆದ. ಅಜ್ಜಿ ಅದನ್ನು ಎತ್ತಿ ತಿರುಗಿಸಿ ನೋಡಿದಳು, ಉಗುರಿನಿಂದ ಕೆರೆದಳು, ಬಿಳಿಯ ಸಿಪ್ಪೆಯಡಿಯಲ್ಲಿ ಹಳದಿ ಕಂಡಿತು. ಕೂಡಲೇ ತೀರ್ಪು ಕೊಟ್ಟಳು. "ಅಯ್ಯೋ ಇವ್ರ ಮನೆ ಕಾಯ್ವಾಗ, ಇತ್ತಾಳೆಗೆ ಒರಗಡೆ ಕಲಾಯಿ ಆಕ್ಸವ್ನಲ್ಲ ಆ ದೊರೆ! ಕಲಾಯಿ ಪಾತ್ರೆ ಒಳಿಕ್ಕೆ ಆಕ್ತಾರೆ. ಬುದ್ದಿ ಇಲ್ದ ಜನ. ಎಲ್ಲಾನೂ ತಿಕ್ಕಿ ತೆಗಿ, ಇತ್ತಾಳೆ ಕಾಣ್ಬೇಕು." ಪಾತ್ರೆ ಪಗಡ ತಿಕ್ಕಿಯೇ ಮುದುಕಿಯಾದವಳ ಮಾತು, ಯಾರು ಇಲ್ಲ ಎನ್ನುತ್ತಾರೆ? ನಮಗೆ ನಿಕ್ಕಲ್ ಎಂದರೆ ಏನು ಗೊತ್ತು? ಬಿಳಿ ಬಣ್ಣ ಬಳಿದಿದ್ದರೆ ಅದು ಕಲಾಯಿ, ಕಲಾಯಿ ಹಳತಾದರೆ ತೆಗೆಯಬೇಕು, ಅಷ್ಟೇ.

ಚಪ್ಪಡಿಯ ಮೇಲೆ ಬಳೆ ಇಟ್ಟುಕೊಂಡು ಚಿಕ್ಕವ್ವ ಕೂತಳು, ಎದುರಿಗೆ ನಾನು. ಮೊದಲು ಬಿಸಿ ಬೂದಿನೀರು ಸುರಿದು ಕೋಳಿ ರಕ್ತ ನೆನೆಸಿದೆವು. ಅದು ಕರಗಿ ಕಂದು ನೀರಾಗಿ ಹರಿದಾಗ ಇನ್ನೂ ಕಮಟು ಹೊಡೆಯುತ್ತಿತ್ತು. ಆಮೇಲೆ ಹುಣಸೆಹಣ್ಣನ್ನು ಉಪ್ಪಿನ ಜೊತೆ ಕಿವುಚಿ ಸುತ್ತಲೂ ಮೆತ್ತಿ ಬಿಸಿಲಿಗಿಟ್ಟೆವು. ಹುಳಿ ಒಳಗೆ ಇಳಿದ ಮೇಲೆ ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುವುದು, ನೀರು ಹೊಯ್ಯುವುದು, ಮತ್ತೆ ಉಜ್ಜುವುದು. ಸಂದಿಗೆ ನಾರು ಹೋಗದ ಕಡೆ ಹುಣಸೆ ಕಡ್ಡಿಯ ತುದಿ ಜಜ್ಜಿಕೊಂಡು ತಿವಿದು ತೆಗೆಯುತ್ತಿದ್ದಳು. ಬಿಳಿಯ ಸಿಪ್ಪೆ ಚೂರು ಚೂರಾಗಿ ಏಳುತ್ತಿತ್ತು. ಅದರ ಅಂಚು ಅವಳ ಬೆರಳ ಸಂದಿಯನ್ನು ಕೊಯ್ದು, ಗಾಯಕ್ಕೆ ಹುಳಿ ಇಳಿದು, ಅವಳು ಕೈಯನ್ನು ಆಗಾಗ ಬಾಯಿಗಿಟ್ಟು ಚೀಪಿ ಉಗಿಯುತ್ತಿದ್ದಳು. ದಿನಗಳೇ ಹಿಡಿದವು. ಕೊನೆಗೆ ರಂಗೋಲಿ ಪುಡಿಯನ್ನು ಒಣಬಟ್ಟೆಯಲ್ಲಿ ಅದ್ದಿ ಮೆರುಗು ಕೊಟ್ಟು, ಒಂದು ಹನಿ ಎಳ್ಳೆಣ್ಣೆ ಸವರಿ ಎತ್ತಿ ಹಿಡಿದಳು. ಅಬ್ಬಾ, ಅದರ ಹೊಳಪೇ! ಹಿತ್ತಲಿಗೆಲ್ಲ ಹಳದಿ ಬೆಳಕು ಬಿತ್ತು. "ಬಾರೆ ನಿಂಗಿ, ಮಖ ನೋಡ್ಕೊ. ಬರೋಳ ಮಖನೂ ಕಾಣ್ಲಿ ಅಂತಾವ ತಿಕ್ಕಿವ್ನಿ" ಎಂದು ನಕ್ಕಳು. ಬಳೆಯ ಒಳಗಿಂದ ನನ್ನನ್ನು ನೋಡಿದಳು. ಆ ನಗು ನನಗೆ ಹಿಡಿಸಲಿಲ್ಲ.

ಸಂಜೆ ಚಿಕ್ಕಪ್ಪ ಬಂದು ನೋಡಿದ. ಬಳೆಯ ಸುತ್ತ ಒಮ್ಮೆ ಬೆರಳು ಎಳೆದ. ಆಮೇಲೆ ಗೋಡೆಗಿದ್ದ ಬಾರುಕೋಲು ತೆಗೆದುಕೊಂಡ. "ಬೆಳ್ಳಿ ಕಣೆ ಅದು! ದೊರೆ ಆಕ್ಸಿದ್ದ ಬೆಳ್ಳೀನ ಕೆರೆದು ಚರಂಡಿಗೆ ಬುಟ್ಟಿದೀಯಲ್ಲೇ ಮುಂಡೆ!" ಅವನಿಗೂ ಗೊತ್ತಿದ್ದದ್ದು ಅಷ್ಟೇ ನೋಡಿ. ಅಜ್ಜಿಗೆ ಕಲಾಯಿ, ಇವನಿಗೆ ಬೆಳ್ಳಿ. ಬೆನ್ನು, ತೋಳು, ಕಾಲು, ಎಲ್ಲಿ ಎಂದಿಲ್ಲ. ಬಾರು ಗಾಳಿ ಸೀಳುವ ಸದ್ದು ಮೊದಲು, ಆಮೇಲೆ ಅವಳ ಸದ್ದು. ತಿಕ್ಕಿಸಿದ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನಾನೇ ಹೇಳಿದ್ದು ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ನಾನು ಹೋಗಿ ಚಿಕ್ಕಪ್ಪನ ಕಾಲು ಕಚ್ಚಿದೆ, ಅವನು ಕಾಲು ಝಾಡಿಸಿದ ರಭಸಕ್ಕೆ ನನ್ನ ತಲೆ ಒರಳಿಗೆ ಬಡಿಯಿತು. ಇಷ್ಟಾದ ಮೇಲೆ ಏನಾಯಿತು ಎನ್ನುತ್ತೀರಿ? ಬೀದಿಯವರು ಗಲಾಟೆ ಕೇಳಿ ಒಳಗೆ ಬಂದವರು ಬಳೆ ನೋಡಿ "ಏನ್ ಜವರಪ್ಪ, ಚಿನ್ನದ್ದೇ ಆಕ್ಸಿಬುಟ್ಟಾ!" ಎಂದು ಬಾಯಿ ಬಿಟ್ಟರು. ಚಿಕ್ಕಪ್ಪನ ಕೈ ಇಳಿಯಿತು. ಚಿನ್ನ ಎಂದರೆ ಶುಭವೇ ತಾನೇ ಎಂದಳು ಅಜ್ಜಿ. ಅವನು ಮೀಸೆ ಒರೆಸಿಕೊಂಡು ಬಳೆಯನ್ನು ತೆಗೆದುಕೊಂಡು ಹೋಗಿ ತಾನೇ ಮೋಟಾರಿಗೆ ಕೂರಿಸಿ, ನಟ್ಟು ಬಿಗಿದು, ಟೊಪ್ಪಿ ಮುಚ್ಚಿದ. ಚಿಕ್ಕವ್ವ ಚಪ್ಪಡಿಯ ಮೇಲೆ ಬೋರಲು ಬಿದ್ದಿದ್ದಳು. ನಾನು ಅವಳ ಬೆನ್ನಿಗೆ ಎಣ್ಣೆ ಹಚ್ಚಿದೆ.

ಹೊರಡುವ ದಿನ ಬೆಳಿಗ್ಗೆ ಅವಳು ಏನು ಮಾಡಿದಳೆಂದು ನನಗೆ ಆಗ ಗೊತ್ತಿರಲಿಲ್ಲ, ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ, ಒಗಟು ಮಾಡುವುದಿಲ್ಲ. ಮೋಟಾರು ತೊಳೆಯಲು ಅವಳನ್ನು ಕಳಿಸಿದ್ದರು. ಟೊಪ್ಪಿ ತೆಗೆದಳು, ಗಂಡ ಮಾಡಿದಂತೆಯೇ ಪಾನ ಹಾಕಿ ನಟ್ಟು ಬಿಚ್ಚಿದಳು, ಟೊಪ್ಪಿಯನ್ನು ಮತ್ತೆ ಮುಚ್ಚಿದಳು, ನಟ್ಟನ್ನು ಸೀರೆಯ ಮಡಿಲಿಗೆ ಸಿಕ್ಕಿಸಿಕೊಂಡಳು. ಬಳೆ ಸುಮ್ಮನೆ ಕೂತಿತ್ತು; ಜೋರಾಗಿ ಮೇಲಕ್ಕೆ ಜಗ್ಗಿದರೆ, ಇಲ್ಲ ರಸ್ತೆಯ ಕುಲುಕಿಗೆ ಸಡಿಲವಾದರೆ ಕೈಗೆ ಬರುವಂತಿತ್ತು. ಆ ದಿನದ ಏರ್ಪಾಡು ಹೀಗಿತ್ತು: ಚಿಕ್ಕಪ್ಪ ಮೊದಲು ಒಬ್ಬನೇ ಹುಣಸೂರಿಗೆ ಹೋಗಿ ಹೆಣ್ಣು ತೋರಿಸಿದ ದಲ್ಲಾಳಿಯನ್ನು ಕರೆತರುವುದು, ಆಮೇಲೆ ಅಜ್ಜಿಯೂ ಸೇರಿ ಮದುವೆಯ ನಿಶ್ಚಯಕ್ಕೆಂದು ಹೊಸ ಅಗ್ರಹಾರಕ್ಕೆ. ಹುಣಸೂರಿನ ಹತ್ತಿರ ರಸ್ತೆ ಲಕ್ಷ್ಮಣತೀರ್ಥ ಹೊಳೆಯ ಸೇತುವೆಗೆ ಇಳಿಯುತ್ತದೆ. ಅಲ್ಲಿ ಅವನು ಯಾವಾಗಲೂ ಮೋಟಾರನ್ನು ಹುಚ್ಚನಂತೆ ಬಿಡುತ್ತಿದ್ದ. ಅವಳು ನಂಬಿದ್ದು ಆ ಇಳಿಜಾರನ್ನು.

ಹೊರಡುವ ಹೊತ್ತಿಗೆ ಅಜ್ಜಿ ಮನಸ್ಸು ಬದಲಾಯಿಸಿದಳು. ಮತ್ತೆ ಇಲ್ಲಿಗೆ ಯಾಕೆ ಬರೋದು, ಹಿಂಗೇ ಎಲ್ಲ ಹೋಗಿಬಿಡೋಣ ಎಂದಳು. ಹೊಸ ಹೆಣ್ಣಿಗೆ ಸಾಕಬೇಕಾದ ಮಗುವನ್ನು ತೋರಿಸಿದರೆ ಮಾತು ಸಲೀಸು ಎಂದು ನನ್ನನ್ನೂ ಎಳೆದುಕೊಂಡು ಹಿಂದಿನ ಸೀಟಿಗೆ ಹತ್ತಿದಳು. ನನಗೆ ಮೋಟಾರಿನಲ್ಲಿ ಕೂರುವುದೆಂದರೆ ಜೀವ. ಆಳು ಮುಂದೆ ನಿಂತು ಹಿಡಿ ತಿರುಗಿಸಿದ, ಎಂಜಿನ್ನು ಕೆಮ್ಮಿ ಹತ್ತಿಕೊಂಡಿತು, ಚಿಕ್ಕಪ್ಪ ಬಾಗಿಲು ಹಿಡಿದು ಒಳಗೆ ಹೋಗಿ ಕೂತು ಪೋಂ ಎನಿಸಿದ. ಆ ಸದ್ದಿಗೆ ಚಿಕ್ಕವ್ವ ಹಿತ್ತಲಿಂದ ಬಂದಳು. ಹೊರಗೆ ಬಂದವಳು ನನ್ನನ್ನು ನೋಡಿದಳು. ಅವಳ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಓಡಿ ಬಂದು ಮೋಟಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತುಬಿಟ್ಟಳು. "ಮಗಾನ ಇಳ್ಸಿ! ನಿಂಗಿನ ಇಳ್ಸಿ! ಬಳೆ ಕಳಚ್ಕತದೆ!"

ಅಯ್ಯೋ ದೇವರೇ, ಆ ಮಾತು! ನಮ್ಮಲ್ಲಿ ಕೈಯ ಬಳೆ ಒಡೆದು ಚೂರಾದರೂ ಒಡೆಯಿತು ಎನ್ನುವಂತಿಲ್ಲ, ಬಳೆ ಹೆಚ್ಚಿತು ಎನ್ನಬೇಕು. ಬಳೆ ಕಳಚುವುದೆಂದರೆ ಗಂಡ ಸತ್ತಾಗ. ಶುಭಕಾರ್ಯಕ್ಕೆ ಹೊರಟ ಗಂಡನಿಗೆ ಅಡ್ಡ ನಿಂತು ಹೆಂಡತಿಯಾದವಳು ಬಳೆ ಕಳಚುತ್ತದೆ ಎಂದರೆ ಇನ್ನೇನು ಕೇಳಿಸುತ್ತದೆ? ಅವಳಿಗೆ ಸ್ಟೇರಿಂಗು ಎಂಬ ಮಾತು ನಾಲಿಗೆಗೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅದನ್ನು ಹಾಗೆ ಕರೆದದ್ದೇ ಇಲ್ಲವಲ್ಲ. "ಶಾಪ ಆಕ್ತಾವ್ಳೆ ಕಣ್ಲಾ! ನಿನ್ ತಲೆ ಮೇಲೆ ಮಣ್ಣು ಎಳೀತಾವ್ಳೆ!" ಎಂದು ಅಜ್ಜಿ ಎದೆ ಬಡಿದುಕೊಂಡಳು. ಚಿಕ್ಕಪ್ಪ ಇಳಿದ. ಜುಟ್ಟು ಹಿಡಿದು ಅವಳ ಮುಖವನ್ನು ಮೋಟಾರಿನ ಮೂತಿಗೆ ಜಜ್ಜಿದ. ಅವಳು ಬಿದ್ದಳು, ಹೊಟ್ಟೆಗೆ ಒದ್ದ. ಅವಳು ಒದೆಸಿಕೊಳ್ಳುತ್ತಲೇ "ಮಗಾನ ಇಳ್ಸಿ, ಆಮೇಕೆ ಕೊಂದಾಕಿ, ಮಗಾನ ಇಳ್ಸಿ" ಎನ್ನುತ್ತಿದ್ದಳು. ನಾನು ಇಳಿಯಲು ಹೋದರೆ ಅಜ್ಜಿ ರಟ್ಟೆ ಬಿಡಲಿಲ್ಲ. ಒದೆತಕ್ಕೆ ಅವಳ ಮಡಿಲು ಬಿಚ್ಚಿ ನಟ್ಟು ಉರುಳಿ ಬಿತ್ತು, ಕರೀ ಜಿಡ್ಡು ಮೆತ್ತಿದ ಕಬ್ಬಿಣದ ತುಂಡು. ಅಜ್ಜಿ ಮೇಲಿಂದಲೇ ನೋಡಿ ಕಿರುಚಿದಳು: "ಮಾಟ! ಮಾಟ ಮಾಡ್ಸಿ ಮಡ್ಲಲ್ಲಿ ಮಡೀಕಂಡವ್ಳೆ!" ಚಿಕ್ಕವ್ವ ರಕ್ತ ಉಗಿದು "ಮಾಟ ಅಲ್ಲ ಅತ್ತೆ, ಅದು ಮೋಟ್ರು ನಟ್ಟು" ಎಂದಳು. ಯಾರು ಕೇಳಬೇಕು? ಚಿಕ್ಕಪ್ಪ ಅವಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಉರಿಯುತ್ತಾ ಬಂದು, ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೈಯೆಲ್ಲ ಭಾರ ಬಿಟ್ಟು ಮೇಲೆ ಹತ್ತಲು ಜಗ್ಗಿದ.

ಬಳೆ ಕೈಗೆ ಬಂತು. ಅವನು ಹಿಮ್ಮುಖವಾಗಿ ನೆಲಕ್ಕೆ ಬಿದ್ದ, ಬಳೆ ಬಾಯಿಗೆ ಬಡಿದು ಮುಂದಿನ ಹಲ್ಲುಗಳು ಹೋದವು. ಎಂಜಿನ್ನು ಗುಡುಗುಡು ಎನ್ನುತ್ತಲೇ ಇತ್ತು. ಈಗ ಎಲ್ಲರಿಗೂ ಗೊತ್ತಾಯಿತು, ಅವಳು ಏನು ಮಾಡಲು ಹೊರಟಿದ್ದಳು, ಯಾಕೆ ಅಡ್ಡ ನಿಂತಳು, ಎರಡೂ. ಆದರೆ ಆ ಜನ ಮೊದಲನೆಯದನ್ನಷ್ಟೇ ಇಟ್ಟುಕೊಂಡರು, ಎರಡನೆಯದನ್ನು ಬಿಸಾಕಿದರು. ಚಿಕ್ಕಪ್ಪ ಎದ್ದ, ಬಾಯಿಂದ ರಕ್ತ ಸುರಿಯುತ್ತಿತ್ತು. ಅವಳು ದಿನಗಟ್ಟಲೆ ತಿಕ್ಕಿ ಹೊಳೆಯಿಸಿದ್ದ ಆ ಬಳೆಯನ್ನೇ ಎತ್ತಿ ಅವಳ ತಲೆಗೆ ಬೀಸಿದ. ಅವಳು ಎಡಗೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ನನಗೆ ಮೋಟಾರಿನ ಸದ್ದಿನೊಳಗೂ ಕೇಳಿಸಿತು. ಎರಡನೆಯ ಸಲ ಎತ್ತಿದಾಗ ಅಪ್ಪ ಕೊಟ್ಟಿಗೆಯಿಂದ ಬಂದು ಹಿಂದಿನಿಂದ ತಮ್ಮನ ಕತ್ತಿಗೆ ಕೈ ಹಾಕಿ ನೆಲಕ್ಕೆ ಕೆಡವಿ ಎದೆಯ ಮೇಲೆ ಮಂಡಿಯೂರಿದ. ಅಪ್ಪನೂ ಹೊಡೆಯಬಲ್ಲ ಎಂದು ಆವತ್ತು ತಿಳಿಯಿತು. ಹಾಗಾದರೆ ಇಷ್ಟು ವರ್ಷ ಏನು ಮಾಡುತ್ತಿದ್ದೆಯಪ್ಪಾ ಎಂದು ಅವನು ಸಾಯುವವರೆಗೂ ನಾನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

"ಈ ಕೊಲೆಪಾತ್ಕಿ ನನ್ ಒಸ್ಲು ತುಳೀಬಾರ್ದು" ಎಂದಳು ಅಜ್ಜಿ. ಅಪ್ಪ ಗಾಡಿ ಕಟ್ಟಿದ, ಹುಲ್ಲಿನ ಮೇಲೆ ಚಿಕ್ಕವ್ವನನ್ನು ಮಲಗಿಸಿದ. ನಾನು ಗಾಡಿಯ ಹಿಂದೆ ಓಡಿದೆ. ಅಜ್ಜಿ ನನ್ನ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದಳು. ಚಿಕ್ಕವ್ವ ತಲೆ ಎತ್ತಿ ನೋಡಿದಳು. ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ. "ಜಿನಾ ತಲೆ ಬಾಚಿಸ್ಕೊ ಕಣೆ ನಿಂಗಿ, ಏನು ಬೀಳ್ತವೆ" ಎಂದಳು. ಹೇನು ಬೀಳುತ್ತವೆ ಎಂದು ಹೇಳಿದ್ದು. ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ, ಗಾಡಿ ತಿರುಗಿಬಿಟ್ಟಿತು.

ಚಿಕ್ಕಪ್ಪನ ಮದುವೆ ನಡೆದೇ ನಡೆಯಿತು, ಎತ್ತಿನ ಗಾಡಿಯಲ್ಲಿ ಹೋಗಿ ತಂದರು. ಬಂದವಳು ಕೆಟ್ಟವಳಲ್ಲ. ಅವಳೂ ಹೊಡೆಸಿಕೊಂಡಳು. ಮೋಟಾರನ್ನು ಆಮೇಲೆ ಯಾರೂ ಹತ್ತಲಿಲ್ಲ. ಹೊಂಗೆ ಮರದಡಿ ನಿಂತು ಕೋಳಿ ಮೊಟ್ಟೆ ಇಡುವ ಜಾಗವಾಗಿ, ಯುದ್ಧದ ಕಾಲದಲ್ಲಿ ಗುಜರಿಯವರ ಪಾಲಾಯಿತು. ಚಿಕ್ಕಪ್ಪ ಬೊಚ್ಚು ಬಾಯಲ್ಲೇ ತುಂಬ ಕಾಲ ಬದುಕಿದ, ಹಾಸಿಗೆಯಲ್ಲಿ ನೆಮ್ಮದಿಯಾಗಿ ಸತ್ತ. ಇಂಥದ್ದನ್ನು ನೋಡಿದಾಗ ದೇವರ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಆಸ್ತಿ ಪಾಲಾದ ಮೇಲೆ ಮನೆಯನ್ನು ಬಿಚ್ಚಿ ತೊಲೆ, ಕಂಬ, ಬಾಗಿಲು ಎಂದು ಹಂಚಿಕೊಂಡರು. ಈಗ ಅಲ್ಲಿ ಹೋದರೆ ಬಾವಿಯ ಗುಂಡಿ ಮಾತ್ರ ಇದೆ, ಅದಕ್ಕೂ ಕಸ ತುಂಬಿದ್ದಾರೆ. ನಿಮ್ಮದೂ ಇಂಥದೇ ಒಂದು ಮನೆ ಹೋಗಿರುತ್ತದೆ. ಅತ್ತುಬಿಡಿ, ಅಳುವುದಕ್ಕೆ ಹಕ್ಕಿದೆ. ಆದರೆ ಅಲ್ಲಿ ಯಾರು ಯಾರ ಕೈಯಲ್ಲಿ ಹೊಡೆಸಿಕೊಂಡು ಅಡಿಗೆ ಮಾಡಿ ಬಡಿಸಿದರು ಎಂಬುದನ್ನೂ ಜೊತೆಗೇ ನೆನೆಯಿರಿ.

ನನ್ನನ್ನು ಹೆಗ್ಗಡದೇವನಕೋಟೆಯ ಕಡೆ ಕೊಟ್ಟರು. ಗಂಡ ಮಾತು ಕಡಿಮೆಯ ಮನುಷ್ಯ, ಕೈ ಎತ್ತಿದವರಲ್ಲ. ನನಗೆ ಮೊದಮೊದಲು ಅದು ನಂಬಿಕೆಯಾಗದೆ ಅವರು ಟವೆಲ್ ಕೊಡವಿದರೂ ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ತವರಿಗೆಂದು ಹೊರಟವಳು ಯಾರಿಗೂ ಹೇಳದೆ ವೀರನಹೊಸಹಳ್ಳಿಯ ಕಡೆ ಗಾಡಿ ತಿರುಗಿಸಿದೆ. ಚಿಕ್ಕವ್ವ ಅಣ್ಣನ ಗುಡಿಸಲಿನ ಪಕ್ಕಕ್ಕೆ ಇಳಿಸಿದ್ದ ಒಂದು ಸಣ್ಣ ಸೂರಿನಡಿ ಇದ್ದಳು. ಬೊಂಬಿನ ದಬ್ಬೆ ಕಟ್ಟಿ ಕೂಡಿಸಿದ್ದ ಎಡಗೈ ಮೊಣಕೈಯಿಂದ ಕೆಳಗೆ ಹೊರಕ್ಕೆ ತಿರುಗಿತ್ತು. ನನ್ನನ್ನು ನೋಡಿ ಅಳುತ್ತಾಳೆಂದುಕೊಂಡಿದ್ದೆ, ತಲೆಯನ್ನೇ ನೋಡಿದಳು, "ಏನೆ ಇದು, ಎಣ್ಣೆ ಆಕ್ದೆ ಎಸ್ಟ್ ಜಿನ ಆಯ್ತು?" ಎಂದು ಬೈದಳು. ಉಂಡ ಮೇಲೆ ನಾನು ಕೇಳಿಯೇಬಿಟ್ಟೆ. "ಚಿಕ್ಕವ್ವ, ಅವತ್ತು ಅವ್ನು ಸಾಯ್ಲಿ ಅಂತ್ಲೇ ಬಿಚ್ಚಿದ್ದಾ?" "ಊ ಕಣೆ" ಎಂದಳು, ಎಲೆಗೆ ಸುಣ್ಣ ಹಚ್ಚುತ್ತಾ. "ಅವ್ನು ಸತ್ರೆ ಆ ಮನೇಲಿ ಮುಂಡೆಯಾಗಿ ಇರ್ಬೋದಿತ್ತು. ಮುಂಡೇನ ಯಾರೂ ಮನೆ ಬುಟ್ಟು ಓಡ್ಸಾಕಿಲ್ಲ. ನೀನು ನನ್ನ ತಾವೇ ಇರ್ತಿದ್ದೆ." "ಗಾಡೀಲಿ ಅಜ್ಜಿನೂ ಇತ್ತಲ್ಲ?" ಎಂದೆ. "ಇದ್ರೆ ಇರ್ಲಿ ಬುಡು" ಎಂದಳು. ಇಬ್ಬರೂ ನಗುತ್ತಾ ನಗುತ್ತಾ ಅತ್ತೆವು. ನನ್ನನ್ನು ಉಳಿಸಿಕೊಳ್ಳಬೇಕೆಂದು ನಟ್ಟು ಬಿಚ್ಚಿದಳು, ನಾನು ಉಳಿಯಬೇಕೆಂದು ನನ್ನನ್ನು ಕಳೆದುಕೊಂಡಳು. ಹೊರಡುವಾಗ ಆ ಸೊಟ್ಟ ಕೈಯಲ್ಲೇ ಜಡೆ ಹೆಣೆದಳು, ಸಡಿಲವಾಗಿತ್ತು.

ಅವಳು ಹೋದ ಸುದ್ದಿ ನನಗೆ ಸಿಕ್ಕಿದ್ದು ಕೆಲವು ವರ್ಷಗಳ ಮೇಲೆ, ಕೋಟೆಯ ಸಂತೆಯಲ್ಲಿ, ಆ ಕಡೆಯಿಂದ ಜೇನುತುಪ್ಪ ತರುತ್ತಿದ್ದ ಹೆಂಗಸಿನಿಂದ. ಮಣ್ಣು ಮಾಡಿ ಹಾಲುತುಪ್ಪವೂ ಬಿಟ್ಟಾಗಿತ್ತು. ತವರಿಗೆ ಹೇಳಿ ಕಳಿಸಿದ್ದಕ್ಕೆ, ಅವಳು ನಮ್ಮವಳಲ್ಲ, ನಮಗೆ ಸೂತಕವಿಲ್ಲ, ನೀನೂ ಮೈಗೆ ನೀರು ಹಾಕಿಕೊಳ್ಳಬೇಕಾಗಿಲ್ಲ ಎಂದು ಉತ್ತರ ಬಂತು. ಆ ಮಾತು ಕೇಳಿದವಳೇ ಸೀದಾ ಬಾವಿಕಟ್ಟೆಗೆ ಹೋದೆ. ಉಟ್ಟ ಸೀರೆಯಲ್ಲೇ ಕೂತು ಸೇದಿ ಸೇದಿ ತಲೆಯ ಮೇಲೆ ಸುರಿದುಕೊಂಡೆ. ಹೊಲದಿಂದ ಬಂದ ನನ್ನ ಗಂಡ ನೋಡಿ ನಿಂತರು. "ಯಾರು ಓಗ್ಬುಟ್ರು?" ಎಂದು ಕೇಳಿದರು. ಹೆತ್ತವಳು ನಾನು ಹುಟ್ಟಿದ ದಿನವೇ ಸತ್ತಳೆಂದು ಅವರಿಗೆ ಗೊತ್ತಿತ್ತು. "ನಮ್ಮವ್ವ" ಎಂದೆ. ಅವರು ನನ್ನ ಕೈಯಿಂದ ಬಿಂದಿಗೆ ತೆಗೆದುಕೊಂಡು, ನೀರು ಸೇದಿ, ತಾವೂ ತಲೆಯ ಮೇಲೆ ಸುರಿದುಕೊಂಡರು.